ಹಿಂದಿನ ಬಾಗಿಲಿನ ಗಾಜು ಅರ್ಧಕ್ಕೇ ನಿಲ್ಲುವುದೇಕೆ?



ಎರಡು ಸಾಲು ಆಸನಗಳೂ ನಾಲ್ಕು ಬಾಗಿಲುಗಳೂ ಇರುವ ಪಿಕಪ್ ವಾಹನಗಳು ಈಗ ನಮ್ಮ ತೋಟದ ದಾರಿಗಳಲ್ಲಿ ಅಪರೂಪವಲ್ಲ. ಬೊಲೆರೊ ಕ್ಯಾಂಪರ್ ಬಹಳ ವರ್ಷಗಳಿಂದ ಇದೆ. ಇಸುಜು ವಿ-ಕ್ರಾಸ್ ಬಂದಿದೆ. 2022ರಲ್ಲಿ ಟೊಯೊಟಾ ಹೈಲಕ್ಸ್ ಕೂಡ ನಮ್ಮ ದೇಶದ ಮಾರುಕಟ್ಟೆಗೆ ಬಂತು. ಹಿಂದಿನ ತೊಟ್ಟಿಯಲ್ಲಿ ಗೊಬ್ಬರ, ಅಡಿಕೆ ಮೂಟೆ, ಪಂಪ್‌ಸೆಟ್ಟು. ಒಳಗೆ ಮನೆಯವರು, ಇಲ್ಲವೇ ಕೊನೆಗಾರ, ಅಡಿಕೆ ಸುಲಿಯಲು ಬರುವ ಹೆಂಗಸರು. ಒಂದೇ ಗಾಡಿಯಲ್ಲಿ ಎರಡು ಕೆಲಸ. ಅನುಕೂಲವೇನೋ ದೊಡ್ಡದು. ಆದರೆ ಈ ಅನುಕೂಲದ ಜೊತೆಗೆ ಬರುವ ಒಂದು ಸಣ್ಣ ಕೊರತೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕಾಗಿದೆ.

ಕೆಲವು ದಿನಗಳ ಹಿಂದೆ ಶಿವಮೊಗ್ಗದ ಕೋಟೆ ಬದಿಯ ಗ್ಯಾರೇಜೊಂದರಲ್ಲಿ ನಿಂತಿದ್ದಾಗ ಭದ್ರಾವತಿ ಕಡೆಯ ರೈತರೊಬ್ಬರು ಬಂದರು. “ಮುಂದಿನ ಗಾಜು ಪೂರ್ತಿ ಇಳಿಯುತ್ತೆ, ಹಿಂದಿನದು ಅರ್ಧಕ್ಕೇ ನಿಲ್ಲುತ್ತೆ. ಒಳಗೆ ಏನು ತಡೆ ಇಟ್ಟಿದ್ದಾರೋ, ಅದನ್ನ ಕೊಯ್ದು ಹಾಕಪ್ಪ” ಎಂದರು. ಮೆಕ್ಯಾನಿಕ್ ನಕ್ಕು, “ಕೊಯ್ದರೆ ಗಾಜು ಇಳಿಯಲ್ಲ ಗೌಡ್ರೇ, ಒಡೆಯುತ್ತೆ” ಎಂದು ಬಾಗಿಲಿನ ಒಳಗಿನ ಹೊದಿಕೆಯನ್ನು ಬಿಚ್ಚಿ ತೋರಿಸಿದ. ನೋಡಿದ ಮೇಲೆ ಅವರ ಅನುಮಾನ ಹೋಯಿತು. ಎಲ್ಲರಿಗೂ ಹಾಗೆ ಬಿಚ್ಚಿ ನೋಡುವ ಸಂದರ್ಭ ಬರುವುದಿಲ್ಲವಾದ್ದರಿಂದ ಇಲ್ಲಿ ವಿವರಿಸುತ್ತೇನೆ.

ಗಾಜು ಕೆಳಗಿಳಿದಾಗ ಎಲ್ಲಿಗೆ ಹೋಗುತ್ತದೆ? ಬಾಗಿಲಿನ ಹೊಟ್ಟೆಯೊಳಕ್ಕೆ. ಗಾಜು ಎಷ್ಟು ಉದ್ದ, ಎಷ್ಟು ಅಗಲ ಇದೆಯೋ ಅಷ್ಟು ಜಾಗ ಆ ಹೊಟ್ಟೆಯಲ್ಲಿ ಇರಲೇಬೇಕು. ಮುಂದಿನ ಬಾಗಿಲು ಅಗಲವಾದದ್ದು; ಅದರ ಕೆಳಭಾಗವೂ ಮೇಲ್ಭಾಗದಷ್ಟೇ ಹರವಾಗಿರುತ್ತದೆ. ಆದ್ದರಿಂದ ಗಾಜು ಪೂರ್ತಿ ಒಳಗೆ ಸೇರಿಕೊಳ್ಳುತ್ತದೆ. ಹಿಂದಿನ ಬಾಗಿಲಿನ ಸ್ಥಿತಿ ಹಾಗಲ್ಲ. ಕಾರುಗಳಲ್ಲಿ ಹಿಂದಿನ ಚಕ್ರದ ಕಮಾನು ಬಾಗಿಲಿನ ಕೆಳಮೂಲೆಯನ್ನು ತಿಂದುಹಾಕುತ್ತದೆ. ಪಿಕಪ್‌ನಲ್ಲಿ ಚಕ್ರವು ತೊಟ್ಟಿಯ ಕೆಳಗಿದ್ದರೂ, ತೊಟ್ಟಿಗೆ ಉದ್ದ ಉಳಿಸಬೇಕೆಂದು ಕ್ಯಾಬಿನ್ನನ್ನು ಮೊಟಕು ಮಾಡಿರುತ್ತಾರೆ. ಹಿಂದಿನ ಬಾಗಿಲು ಗಿಡ್ಡವಾಗುತ್ತದೆ. ಎಷ್ಟೋ ಮಾದರಿಗಳಲ್ಲಿ ಅದರ ಕೆಳಮೂಲೆ ಒಳಕ್ಕೆ ಸರಿದಿರುತ್ತದೆ. ಮೇಲೆ ಅಗಲ, ಕೆಳಗೆ ಕಿರಿದು. ಇದರ ಜೊತೆಗೆ ಬೀಗ, ಹಿಡಿಕೆಯ ಸರಳು, ಗಾಜು ಎತ್ತುವ ಯಂತ್ರ ಇವೆಲ್ಲವೂ ಅದೇ ಹೊಟ್ಟೆಯಲ್ಲಿ ಕೂರಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೇ? ಗಾಜೂ ಅಷ್ಟೇ.

ನಮ್ಮ ಎತ್ತಿನ ಗಾಡಿಯನ್ನು ನೆನೆಯಿರಿ. ಅದರ ಚಕ್ರ ಹೊರಗೆ, ಮೈ ಒಳಗೆ. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಮೋಟಾರು ವಾಹನದಲ್ಲಿ ಚಕ್ರ, ಬಾಗಿಲು, ತೊಟ್ಟಿ ಎಲ್ಲವೂ ಒಂದೇ ಅಳತೆಯೊಳಗೆ ಹಂಚಿಕೊಳ್ಳಬೇಕು. ಈ ತೊಂದರೆ ನಿವಾರಿಸಲು ಕೆಲವು ವಾಹನಗಳಲ್ಲಿ ಕಿಟಕಿಯ ಹಿಂತುದಿಗೆ ಒಂದು ಸಣ್ಣ ಅಲುಗದ ಗಾಜು ಕೂರಿಸಿ, ಉಳಿದ ಭಾಗವನ್ನು ಕಿರಿದು ಮಾಡಿರುತ್ತಾರೆ. ಕಿರಿದಾದ ಗಾಜು ಹೆಚ್ಚು ಕೆಳಗೆ ಇಳಿಯುತ್ತದೆ. ಮಕ್ಕಳು ಹೊರಗೆ ಬೀಳದಿರಲಿ ಎಂದೇ ಗಾಜನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ ಎಂದು ಹಲವರು ಹೇಳುವುದುಂಟು. ಆ ಪ್ರಯೋಜನ ಇರಬಹುದು. ಆದರೆ ಮೂಲ ಕಾರಣ ಜಾಗದ ಅಭಾವವೇ.

ಹಾಗಾದರೆ ಗಾಜು ನಿಂತದ್ದು ರಚನೆಯಿಂದಲೋ, ಕೆಟ್ಟದ್ದರಿಂದಲೋ ಎಂದು ತಿಳಿಯುವುದು ಹೇಗೆ? ಎಡ, ಬಲ ಎರಡೂ ಬಾಗಿಲುಗಳ ಗಾಜನ್ನು ಇಳಿಸಿ ಅಳೆಯಿರಿ. ಎರಡೂ ಒಂದೇ ಮಟ್ಟದಲ್ಲಿ ಸದ್ದಿಲ್ಲದೆ ನಿಂತರೆ ಅದು ರಚನೆ. ಒಂದು ಮಾತ್ರ ಮೇಲೆ ನಿಂತರೆ, ಓರೆಯಾದರೆ, ಕರಕರ ಸದ್ದು ಬಂದರೆ ರಿಪೇರಿ ಬೇಕು. ನಮ್ಮ ಕೆಂಪು ಮಣ್ಣಿನ ಧೂಳು ಗಾಜು ಜಾರುವ ರಬ್ಬರ್ ಗಾಡಿಯಲ್ಲಿ ಕೂತು ಗಟ್ಟಿಯಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಇಂಜಿನ್ ಎಣ್ಣೆ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಬಾಗಿಲಿನ ತಳದಲ್ಲಿ ನೀರು ಹೋಗುವ ಸಣ್ಣ ರಂಧ್ರಗಳಿರುತ್ತವೆ. ಮುಂಗಾರಿಗೆ ಮೊದಲು ಕಡ್ಡಿಯಿಂದ ಬಿಡಿಸಿಕೊಳ್ಳಿ, ಇಲ್ಲವಾದರೆ ಒಳಗೇ ನೀರು ನಿಂತು ತುಕ್ಕು ಹಿಡಿಯುತ್ತದೆ. ಗಾಜು ನಿಂತ ಮೇಲೂ ಗುಂಡಿ ಒತ್ತಿ ಹಿಡಿಯುವುದು, ಕೈಯಿಂದ ಅದುಮುವುದು ಬೇಡ.

ಇಷ್ಟು ಯಂತ್ರದ ಮಾತು. ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ.

ಅರ್ಧ ಗಾಜು ಮೋಸವಲ್ಲ, ಒಂದು ಬೆಲೆ. ತೊಟ್ಟಿ ಉದ್ದ ಬೇಕೆಂದವರು ಕೊಡುವ ಬೆಲೆ. ಆದರೆ ಅದನ್ನು ಯಾರು ಕೊಡುತ್ತಿದ್ದಾರೆ? ಗಾಡಿ ಕೊಳ್ಳುವಾಗ ನಾವು ಮುಂದಿನ ಆಸನದಲ್ಲಿ ಕೂತು ಸ್ಟೇರಿಂಗ್ ತಿರುಗಿಸಿ ನೋಡುತ್ತೇವೆ, ತೊಟ್ಟಿಯ ಉದ್ದ ಅಳೆಯುತ್ತೇವೆ. ಹಿಂದೆ ಕೂರುವವರು ಮನೆಯ ಹೆಂಗಸರು, ಮಕ್ಕಳು, ವಯಸ್ಸಾದವರು, ಕೂಲಿಗೆ ಬರುವವರು. ಅವರನ್ನು ಕೇಳುವವರಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಬೆವರಿ ಇಳಿಯುವವರು ಅವರು. ಆದ್ದರಿಂದ ಕೊಳ್ಳುವ ಮೊದಲು ಮನೆಯವರನ್ನು ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರಿಸಿ, ಗಾಜು ಪೂರ್ತಿ ಇಳಿಸಿ, ಒಂದು ಸುತ್ತು ಹೋಗಿ ಬನ್ನಿ. ಅವರಿಗೆ ಒಪ್ಪಿಗೆಯಾದರೆ ಕೊಳ್ಳಿ.

ಇನ್ನೊಂದು ಮಾತು ಅದಕ್ಕಿಂತ ಮುಖ್ಯ. ಕಿಟಕಿ ತುಸು ತೆರೆದಿದೆ ಎಂಬ ನಂಬಿಕೆಯ ಮೇಲೆ ಮಲಗಿದ ಮಗುವನ್ನು ಗಾಡಿಯೊಳಗೆ ಬಿಟ್ಟು ಮಂಡಿಗೆ, ಬ್ಯಾಂಕಿಗೆ ಹೋಗುವವರಿದ್ದಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಯಂಥ ಜನಜಂಗುಳಿಯಲ್ಲಿ ಹೀಗೆ ಮಾಡುವ ಆಸೆ ಇನ್ನೂ ಹೆಚ್ಚು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಅದರ ಐದರಲ್ಲಿ ನಾಲ್ಕು ಪಾಲು ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಒಂದೂವರೆ ಅಂಗುಲ ತೆರೆದಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ದೊಡ್ಡವರಿಗಿಂತ ಮಕ್ಕಳ ಮೈ ಬಲುಬೇಗ ಕಾಯುತ್ತದೆ. ಕಿಟಕಿ ಅರ್ಧ ತೆರೆದಿದೆಯೆಂದು ಅದನ್ನು ಮಗುವಿನ ಕಾವಲಿಗೆ ಬಿಡಬೇಡಿ. ಐದು ನಿಮಿಷದ ಕೆಲಸವಾದರೂ ಮಗುವನ್ನು ಎತ್ತಿಕೊಂಡೇ ಹೋಗತಕ್ಕದ್ದು.

ಗಾಜನ್ನು ಇನ್ನೂ ಕೆಳಗೆ ಇಳಿಸುವುದು ನಮ್ಮ ಕೈಯಲ್ಲಿಲ್ಲ. ಹಿಂದೆ ಕೂತವರ ಕಡೆಗೆ ತಿರುಗಿ, “ಗಾಳಿ ಬರುತ್ತಿದೆಯೇ?” ಎಂದು ಕೇಳುವುದಂತೂ ನಮ್ಮ ಕೈಯಲ್ಲಿದೆ.