ಮೂಗಿನ ಪೈಪ್ ಹೊಟ್ಟೆಗೆ ಹೋಯ್ತಾ, ಶ್ವಾಸಕೋಶಕ್ಕಾ? ‘ಗಾಳಿ ಶಬ್ದ’ ನಂಬಿ ಹಾಲು ಬಿಡುವ ಮುನ್ನ

ಲಕ್ವ ಹೊಡೆದವರು, ತಲೆಗೆ ಪೆಟ್ಟು ಬಿದ್ದವರು, ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿದವರು ಬಾಯಿಂದ ಊಟ ಮಾಡಲಾಗದಿದ್ದಾಗ ಮೂಗಿನ ಮೂಲಕ ಹೊಟ್ಟೆಗೆ ಸಣ್ಣ ಪೈಪ್ ಹಾಕ್ತಾರೆ. ಆಸ್ಪತ್ರೆಯವರ ಬಾಯಲ್ಲಿ ಅದು ರೈಲ್ಸ್ ಟ್ಯೂಬ್. ದೊಡ್ಡಾಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಪೈಪ್ ಸಮೇತ ಊರಿಗೆ ಬರುವ ರೋಗಿಗಳೂ ಇದ್ದಾರೆ. ಹಾಲು, ಗಂಜಿ, ಮಾತ್ರೆ ಪುಡಿ ಎಲ್ಲವೂ ಅದರಲ್ಲೇ ಹೋಗಬೇಕು. ಆ ಪೈಪಿನ ತುದಿ ನಿಜಕ್ಕೂ ಹೊಟ್ಟೆಯಲ್ಲಿದೆಯಾ ಅಂತ ನೋಡುವ ಕ್ರಮ ಮಾತ್ರ ಬಹಳ ಕಡೆ ಹಳೇ ಕಾಲದ್ದೇ.

ಗಂಟಲಲ್ಲಿ ಅನ್ನನಾಳ, ಶ್ವಾಸನಾಳ ಎರಡೂ ಅಕ್ಕಪಕ್ಕ. ಕುರುಡಾಗಿ ತಳ್ಳುವ ಪೈಪ್ ಯಾವ ದಾರಿ ಹಿಡಿಯುತ್ತೆ ಅಂತ ಕಣ್ಣಿಗೆ ಕಾಣಲ್ಲ. ಎಚ್ಚರ ಇರುವವರಿಗೆ ಶ್ವಾಸನಾಳಕ್ಕೆ ಹೋದರೆ ಸಾಮಾನ್ಯವಾಗಿ ಕೆಮ್ಮು ಬರುತ್ತೆ, ಉಸಿರು ಕಟ್ಟುತ್ತೆ. ಪ್ರಜ್ಞೆ ತಪ್ಪಿದವರಿಗೆ, ಲಕ್ವದಿಂದ ಗಂಟಲಿನ ಸ್ಪರ್ಶ ಹೋದವರಿಗೆ ಕೆಮ್ಮು ಬಾರದೆಯೂ ಇರಬಹುದು. ಪೈಪ್ ಬೇಕಾಗಿರುವುದು ಹೆಚ್ಚಾಗಿ ಇಂಥವರಿಗೇ. ತಪ್ಪು ಗೊತ್ತಾಗದೆ ಹಾಲು ಬಿಟ್ಟರೆ ಅದು ನೇರ ಶ್ವಾಸಕೋಶಕ್ಕೆ. ಅಲ್ಲಿಂದ ನ್ಯುಮೋನಿಯಾ, ಕೆಲವೊಮ್ಮೆ ಸಾವು.

ವಾರ್ಡಿನಲ್ಲಿ ರೋಗಿಯ ಕಡೆಯವರು ನೋಡಿರುವ ಪರೀಕ್ಷೆ ಒಂದೇ: ಸಿರಿಂಜಿನಲ್ಲಿ ಗಾಳಿ ತಳ್ಳಿ, ಹೊಟ್ಟೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ‘ಗುಡುಗುಡು’ ಶಬ್ದ ಕೇಳೋದು. ಶಬ್ದ ಬಂತು, ಸರಿಯಾಗಿದೆ, ಹಾಲು ಬಿಡಿ. ಆದರೆ ತುದಿ ಶ್ವಾಸಕೋಶದಲ್ಲಿದ್ದಾಗಲೂ ಆ ಶಬ್ದ ಹೊಟ್ಟೆ ಮೇಲೆ ಕೇಳಿಸಬಹುದು. ಪೈಪಿನ ತುದಿಯನ್ನು ನೀರಿನಲ್ಲಿಟ್ಟು ಗುಳ್ಳೆ ಬರುತ್ತಾ ನೋಡೋದೂ ಅಷ್ಟೇ, ನಂಬುವಂಥದ್ದಲ್ಲ.

ಬ್ರಿಟನ್ನಿನಲ್ಲಿ 2005ರಲ್ಲೇ ರೋಗಿ ಸುರಕ್ಷತಾ ಸಂಸ್ಥೆ ಈ ಗಾಳಿ ಪರೀಕ್ಷೆ ಬೇಡ ಅಂತ ಎಚ್ಚರಿಕೆ ಹೊರಡಿಸಿತು. ತಪ್ಪು ಜಾಗದ ಪೈಪಿನಿಂದ ಆಹಾರ ಕೊಟ್ಟರೆ ಅಲ್ಲಿ ಅದು ‘ಎಂದೂ ಆಗಬಾರದ ಘಟನೆ’ಗಳ ಪಟ್ಟಿಗೆ ಸೇರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ 2011ರ ಸೆಪ್ಟೆಂಬರ್‌ನಿಂದ 2016ರ ಮಾರ್ಚ್‌ವರೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇಂಥ 95 ಪ್ರಕರಣ ವರದಿಯಾದವು. ಅವರಲ್ಲಿ 32 ಮಂದಿ ತೀರಿಕೊಂಡರು. ಮೊದಲೇ ಗಂಭೀರವಾಗಿದ್ದ ರೋಗಿಗಳಾದ್ದರಿಂದ ಎಲ್ಲ ಸಾವಿಗೂ ಪೈಪೇ ಕಾರಣ ಎನ್ನಲಾಗದು. ಅದೇ ಅವಧಿಯಲ್ಲಿ 30 ಲಕ್ಷಕ್ಕೂ ಹೆಚ್ಚು ಪೈಪ್ ಬಳಕೆಯಾಗಿದ್ದವು, ಅಂದರೆ ಅಪರೂಪದ ತಪ್ಪು. ಕಾರಣ ಹುಡುಕಿದಾಗ ಸಿಕ್ಕಿದ್ದು ತರಬೇತಿ ಇಲ್ಲದ ಸಿಬ್ಬಂದಿ, ಎಕ್ಸ್‌ರೇ ತಪ್ಪಾಗಿ ಓದಿದ್ದು, ಒಬ್ಬರು ಇನ್ನೊಬ್ಬರಿಗೆ ಹೇಳದೇ ಹೋದದ್ದು. ಲೆಕ್ಕ ಇಟ್ಟಿದ್ದರಿಂದ ಅವರಿಗೆ ಇಷ್ಟಾದರೂ ಗೊತ್ತಾಯಿತು.

ಹಾಗಾದ್ರೆ ಸರಿಯಾದ ಕ್ರಮ ಯಾವುದು? ಮೊದಲು ಅಳತೆ. ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಎಷ್ಟಾಗುತ್ತೋ ಅಷ್ಟು ಉದ್ದ ಒಳಗೆ ಹೋಗಬೇಕು. ಆಮೇಲೆ ಸಿರಿಂಜಿನಲ್ಲಿ ಒಳಗಿನ ರಸ ಎಳೆದು ಪಿಎಚ್ ಪಟ್ಟಿಯ ಮೇಲೆ ಹಾಕಿ ನೋಡಬೇಕು. ಹೊಟ್ಟೆಯ ರಸ ಹುಳಿ, ಪಿಎಚ್ 1ರಿಂದ 5.5ರ ಒಳಗೆ ಬಂದರೆ ಆಹಾರ ಕೊಡಬಹುದು ಅನ್ನೋದು ಬ್ರಿಟನ್ನಿನ ನಿಯಮ. ಶಾಲೆಯ ಲ್ಯಾಬಿನ ನೀಲಿ ಲಿಟ್ಮಸ್ ಕಾಗದ ಇದಕ್ಕೆ ಆಗಲ್ಲ, ಅದು ಎಷ್ಟು ಹುಳಿ ಅಂತ ಹೇಳಲ್ಲ. ರಸ ಬರದಿದ್ದರೆ, ಪಿಎಚ್ ಜಾಸ್ತಿ ತೋರಿಸಿದರೆ ಎಕ್ಸ್‌ರೇ. ಖಚಿತ ಆಗುವ ತನಕ ಒಂದು ಹನಿ ನೀರೂ ಬಿಡಬಾರದು.

ಇಲ್ಲೊಂದು ತೊಡಕಿದೆ. ಆಸ್ಪತ್ರೆ ಸೇರಿದ ಬಹುಪಾಲು ರೋಗಿಗಳಿಗೆ ‘ಗ್ಯಾಸಿನ ಮಾತ್ರೆ’ ಅಂತ ಪ್ಯಾಂಟೊಪ್ರಜೋಲ್ ಕೊಡ್ತಾರೆ. ಅದು ಹೊಟ್ಟೆಯ ಹುಳಿ ಇಳಿಸುತ್ತೆ. ಹೀಗಾಗಿ ಪೈಪ್ ಸರಿಯಾದ ಜಾಗದಲ್ಲಿದ್ದರೂ ಪಟ್ಟಿ 6 ತೋರಿಸಬಹುದು. ಎಕ್ಸ್‌ರೇ ತೆಗೆದರೂ ಓದಲು ಗೊತ್ತಿರುವ ವೈದ್ಯರು ಬೇಕು. ಪೈಪ್ ಎದೆಯ ನಡುವೆ ನೇರ ಇಳಿದು, ವಪೆ ದಾಟಿ, ಎಡಕ್ಕೆ ತಿರುಗಿದೆಯಾ ಅಂತ ನೋಡಬೇಕು. ರಾತ್ರಿ 11ಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನೆಲ್ಲ ಯಾರು ಮಾಡ್ತಾರೆ ಅನ್ನೋದು ನ್ಯಾಯವಾದ ಪ್ರಶ್ನೆ. ತುರ್ತಿಲ್ಲದಿದ್ದರೆ ಪೈಪ್ ಹಾಕುವುದನ್ನೇ ಬೆಳಗ್ಗೆಗೆ ಮುಂದೂಡೋದು ಒಳ್ಳೇದು. ಒಂದು ರಾತ್ರಿ ಡ್ರಿಪ್‌ನಲ್ಲಿ ಕಳೆದರೆ ಸಾಮಾನ್ಯವಾಗಿ ದೊಡ್ಡ ನಷ್ಟವೇನೂ ಇಲ್ಲ.

ಹೆಚ್ಚು ಭಯ ಇರುವುದು ಮನೆಯಲ್ಲಿ. ಪೈಪ್ ಕಿತ್ತು ಬಂದಾಗ ಪರಿಚಯದ ಕಾಂಪೌಂಡರ್ ಕರೆಸಿ ಹೊಸದು ಹಾಕಿಸೋದುಂಟು. ಮೆಡಿಕಲ್ ಶಾಪಿನಲ್ಲಿ ಟ್ಯೂಬ್, ಸಿರಿಂಜ್ ಸಿಗುತ್ತೆ. ಪಿಎಚ್ ಪಟ್ಟಿ ಕೇಳುವವರೇ ಇಲ್ಲ, ಕೇಳದಿದ್ದರೆ ಅಂಗಡಿಯವರು ಯಾಕೆ ತರಿಸ್ತಾರೆ? ಒಂದು ಪಟ್ಟಿಗೆ ಬೀಳೋದು ಕೆಲವೇ ರೂಪಾಯಿ. ಟ್ಯೂಬ್ ಮಾರುವ ಅಂಗಡಿಯವರು ಜೊತೆಗೆ ಇದನ್ನೂ ಇಟ್ಟರೆ ದೊಡ್ಡ ಉಪಕಾರ.

ಮನೆಯವರು ಮಾಡಬೇಕಾದ್ದು ಜಾಸ್ತಿ ಇಲ್ಲ. ಡಿಸ್ಚಾರ್ಜ್ ದಿನವೇ ಮೂಗಿನ ಹತ್ತಿರ ಪೈಪಿನ ಮೇಲೆ ಎಷ್ಟು ಸೆಂಟಿಮೀಟರ್ ಗುರುತಿದೆ ಅಂತ ಬರೆದಿಟ್ಟುಕೊಳ್ಳಬೇಕು, ಪ್ರತಿ ಸಲ ಆಹಾರ ಕೊಡುವ ಮುಂಚೆ ಅದನ್ನೇ ನೋಡಬೇಕು. ವಾಂತಿ, ಜೋರು ಕೆಮ್ಮು ಆದಮೇಲೆ ಗುರುತು ಸರಿದಿದ್ದರೆ ಆಹಾರ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೊರಬಂದ ಪೈಪನ್ನು ಮನೆಯವರೇ ಒಳಗೆ ತಳ್ಳುವಂತಿಲ್ಲ. ಕೊಡುವಾಗ ತಲೆದಿಂಬು ಎತ್ತರಿಸಿ ಕೂರಿಸಬೇಕು, ಆಮೇಲೂ ಅರ್ಧ ಗಂಟೆಯಾದರೂ ಹಾಗೇ ಇರಲಿ. ಕೊಡುವಾಗ ಕೆಮ್ಮು, ಏದುಸಿರು, ತುಟಿ ನೀಲಿಯಾದರೆ ತಕ್ಷಣ ನಿಲ್ಲಿಸಿ 108ಕ್ಕೆ ಫೋನ್ ಮಾಡಿ.

ವಾರ್ಡಿನಲ್ಲಿ ‘ಸಿಸ್ಟರ್, ಪಿಎಚ್ ನೋಡಿದ್ರಾ? ಎಕ್ಸ್‌ರೇ ಆಯ್ತಾ?’ ಅಂತ ಕೇಳೋಕೆ ಯಾರೂ ಹಿಂಜರಿಯಬೇಕಿಲ್ಲ. ಖಾಸಗಿ ಆಸ್ಪತ್ರೆಗಳ ಬಗ್ಗೆ ದೂರಿದ್ದರೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು. ಸರ್ಕಾರಿ ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿಗೆ, ಅಲ್ಲಿ ಆಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಮುಂದಿನ ಸಭೆಯಲ್ಲಿ ಪಿಎಚ್ ಪಟ್ಟಿ ಖರೀದಿಯ ವಿಷಯ ಎತ್ತಿದರೆ, ಅದಕ್ಕೆ ಬೇಕಾದ ಹಣ ಒಂದು ಬಾಕ್ಸ್ ಗ್ಲೌಸ್‌ನಷ್ಟೂ ಆಗಲಿಕ್ಕಿಲ್ಲ.