ಸೋಲನ್ನು ಭರಿಸುವವರು ಯಾರು?

ಬಾಹ್ಯಾಕಾಶವನ್ನು ಸರ್ಕಾರದ ಹಿಡಿತದಿಂದ ಬಿಡಿಸಿ ಖಾಸಗಿ ಉದ್ಯಮಕ್ಕೆ ಒಪ್ಪಿಸಿದರೆ ಸಾಕು, ಉಳಿದುದೆಲ್ಲವೂ ತಾನಾಗಿಯೇ ಆಗುತ್ತದೆ ಎಂಬ ಮಾತು ಇಂದು ನಮ್ಮ ವಿದ್ಯಾವಂತ ವರ್ಗದ ವೇದವಾಕ್ಯವಾಗಿದೆ. ಸಾರ್ವಜನಿಕ ಸಂಸ್ಥೆಗಳ ಸಂಬಳವನ್ನು ನಂಬಿ ಊರು ಬಿಟ್ಟು ಬಂದು ನೆಲೆ ಕಂಡ ಹೊರನಾಡ ಕನ್ನಡಿಗರಲ್ಲೂ ಈ ಮಾತನ್ನು ತಲೆದೂಗಿ ಒಪ್ಪುವವರು ಬಹಳ. ನಾನು ಒಪ್ಪುವುದಿಲ್ಲ. ಏಕೆ ಎಂಬುದನ್ನು ಈ ನಂಬಿಕೆಯ ತವರಾದ ಅಮೆರಿಕೆಯದೇ ಒಂದು ಕತೆಯಿಂದ ವಿವರಿಸಬಯಸುತ್ತೇನೆ.

ರಿಚರ್ಡ್ ಬ್ರಾನ್ಸನ್ನರ ವರ್ಜಿನ್ ಆರ್ಬಿಟ್ ಕಂಪನಿ 2017ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಸ್ವತಂತ್ರವಾಗಿ ಹುಟ್ಟಿತು. ಪ್ರಯಾಣಿಕರನ್ನು ಹೊತ್ತು ಹಳತಾದ ಬೋಯಿಂಗ್ 747 ವಿಮಾನದ ಎಡರೆಕ್ಕೆಯಡಿ ರಾಕೆಟ್ಟನ್ನು ಕಟ್ಟಿ, ಸುಮಾರು 35,000 ಅಡಿ ಎತ್ತರದಲ್ಲಿ ಕಳಚಿಬಿಟ್ಟು, ಅಲ್ಲಿಂದ ಅದನ್ನು ಕಕ್ಷೆಗೇರಿಸುವುದು ಅದರ ಯೋಜನೆ. ವಿಮಾನಕ್ಕೆ ಕಾಸ್ಮಿಕ್ ಗರ್ಲ್ ಎಂದೂ ರಾಕೆಟ್ಟಿಗೆ ಲಾಂಚರ್‌ಒನ್ ಎಂದೂ ಹೆಸರು. 500 ಕಿಲೋ ತೂಕದವರೆಗಿನ ಉಪಗ್ರಹಗಳನ್ನು ಕೆಳಕಕ್ಷೆಗೆ ಸೇರಿಸಬಲ್ಲೆವೆಂಬುದು ಕಂಪನಿಯ ಭರವಸೆಯಾಗಿತ್ತು.

ನೋಡಲು ಬೆರಗು ಹುಟ್ಟಿಸುವ ಉಪಾಯವೇ ಸರಿ. ಆದರೆ ಭೌತಶಾಸ್ತ್ರಕ್ಕೆ ಬೆರಗಿನ ಹಂಗಿಲ್ಲ. ಭೂಮಿಯ ಕೆಳಕಕ್ಷೆಯಲ್ಲಿ ನಿಲ್ಲಬೇಕಾದರೆ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗ ಬೇಕು. ವಿಮಾನ ಕೊಡುವುದು ಕಾಲು ಕಿಲೋಮೀಟರ್, ಎಂದರೆ ನೂರರಲ್ಲಿ ಮೂರು ಪಾಲು. ಮೇಲಿನ ತೆಳುಗಾಳಿಯ ಅನುಕೂಲವಿದೆ, ಉಡಾವಣೆಯ ಸ್ಥಳವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿದೆ, ನಿಜ. ಆದರೆ ರೆಕ್ಕೆ ಹೊರುವುದಕ್ಕಿಂತ ರಾಕೆಟ್ಟು ದೊಡ್ಡದಾಗಿ ಬೆಳೆಯುವಂತಿಲ್ಲ. ಉಪಾಯ ಹೊಸತೂ ಅಲ್ಲ. 1990ರ ಏಪ್ರಿಲ್ 5ರಂದೇ ಪೆಗಸಸ್ ಎಂಬ ರಾಕೆಟ್ಟು ನಾಸಾದ ಬಿ-52 ವಿಮಾನದಿಂದ ಹಾರಿತ್ತು. ಮುಂದಿನ ಮೂವತ್ತೊಂದು ವರ್ಷಗಳಲ್ಲಿ ಅದು ಹಾರಿದ್ದು ಬರೀ 45 ಬಾರಿ. ಅದೂ ಬಹುಮಟ್ಟಿಗೆ ನಾಸಾ ಮತ್ತು ಅಮೆರಿಕದ ಸೇನೆಯಂಥ ಸರ್ಕಾರಿ ಗಿರಾಕಿಗಳ ಆಶ್ರಯದಲ್ಲಿ.

ಲಾಂಚರ್‌ಒನ್ 2020ರ ಮೇ ತಿಂಗಳಲ್ಲಿ ಮೊದಲ ಯತ್ನದಲ್ಲಿ ಸೋತು, 2021ರ ಜನವರಿ 17ರಂದು ಗೆದ್ದಿತು. ಅದಾದ ಒಂದೇ ವಾರಕ್ಕೆ ಸ್ಪೇಸ್‌ಎಕ್ಸ್ ಒಂದೇ ರಾಕೆಟ್ಟಿನಲ್ಲಿ 143 ಉಪಗ್ರಹಗಳನ್ನು ಸಾಗಿಸಿತು. ಬಸ್ಸು ಹೊರಟಿರುವಾಗ ಟ್ಯಾಕ್ಸಿಗೆ ಕಾಯುವವರೆಷ್ಟು ಮಂದಿ? ಆದರೂ ಅದೇ ವರ್ಷ ಷೇರುಪೇಟೆ ಪ್ರವೇಶದ ಒಪ್ಪಂದವಾದಾಗ ಕಂಪನಿಗೆ ಕಟ್ಟಿದ ಬೆಲೆ ಸುಮಾರು 320 ಕೋಟಿ ಡಾಲರು. 2023ರ ಜನವರಿ 9ರಂದು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಹೊರಟ ಆರನೆಯ ಹಾರಾಟ ವಿಫಲವಾಗಿ ಒಂಬತ್ತು ಉಪಗ್ರಹಗಳು ನಾಶವಾದವು. ಎರಡನೆಯ ಹಂತದ ಇಂಧನ ಕೊಳವೆಯಲ್ಲಿದ್ದ ಸೋಸುಕವೊಂದು ಸ್ಥಾನ ತಪ್ಪಿದ್ದೇ ಕಾರಣ. ಕಂಪನಿಯ ಮುಖ್ಯಸ್ಥರೇ ಹೇಳಿದಂತೆ ಅದರ ಬೆಲೆ ನೂರು ಡಾಲರಿನಷ್ಟು. ಮಾರ್ಚ್ ಕೊನೆಗೆ ಸುಮಾರು 675 ನೌಕರರು ಬೀದಿಗೆ ಬಿದ್ದರು. ಏಪ್ರಿಲ್ 4ರಂದು ದಿವಾಳಿ ಅರ್ಜಿ. ಮೇ ತಿಂಗಳ ಹರಾಜಿನಲ್ಲಿ ವಿಮಾನ ಒಬ್ಬರಿಗೆ, ಕಾರ್ಖಾನೆ ಇನ್ನೊಬ್ಬರಿಗೆ. ಒಟ್ಟು ಬಂದದ್ದು ಸುಮಾರು 3.6 ಕೋಟಿ ಡಾಲರು. ಆರು ಹಾರಾಟಗಳಲ್ಲಿ ನಾಲ್ಕನ್ನು ಗೆದ್ದ ಒಂದು ತಂಡದ ವಿದ್ಯೆ ಹೀಗೆ ನೂರಕ್ಕೆ ಒಂದರ ದರದಲ್ಲಿ ಚೆದುರಿಹೋಯಿತು.

ಈಗ ನಮ್ಮ ಕತೆಗೆ ಬರೋಣ. ಇಸ್ರೋದ ಎಎಸ್‌ಎಲ್‌ವಿ 1987ರ ಮಾರ್ಚಿನಲ್ಲಿ ಸೋತಿತು. 1988ರ ಜುಲೈಯಲ್ಲಿ ಮತ್ತೆ ಸೋತಿತು. ಗೆದ್ದದ್ದು 1992ರ ಮೇ ತಿಂಗಳಲ್ಲಿ. ಮರುವರ್ಷವೇ ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ ಸೋತು, 1994ರ ಅಕ್ಟೋಬರಿನಲ್ಲಿ ಎರಡನೆಯದು ಯಶಸ್ವಿಯಾಯಿತು. ಈ ಸೋಲುಗಳೆಲ್ಲದರ ಕಾಲಕ್ಕೆ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿಯ ಅದಮಾರಿನಿಂದ ಬಂದ ಯು. ಆರ್. ರಾವ್. ಎರಡನೆಯ ಸೋಲಿಗೂ ಗೆಲುವಿಗೂ ನಡುವೆ ಸುಮಾರು ನಾಲ್ಕು ವರ್ಷ! ಯಾವ ಷೇರುದಾರ ಅಷ್ಟು ಕಾಲ ಕಾಯುತ್ತಿದ್ದ?

ಹಳೆಯ ಮಾತು ಎನ್ನುವವರಿಗೆ ಹೊಸದನ್ನೇ ಹೇಳುತ್ತೇನೆ. ಅದೇ 500 ಕಿಲೋ ವರ್ಗದ ನಮ್ಮ ಎಸ್‌ಎಸ್‌ಎಲ್‌ವಿ 2022ರ ಆಗಸ್ಟ್ 7ರಂದು ಸೋತು, 2023ರ ಫೆಬ್ರವರಿ 10ರಂದು ಗೆದ್ದಿತು. ಕಾರ್ನ್‌ವಾಲ್‌ನ ವೈಫಲ್ಯ ನಡೆದದ್ದು ಇವೆರಡರ ನಡುವೆ. ಒಂದು ರಾಕೆಟ್ಟು ಬಿದ್ದು ಎದ್ದಿತು, ಇನ್ನೊಂದು ಬಿದ್ದು ಹರಾಜಾಯಿತು. ವ್ಯತ್ಯಾಸ ಎಂಜಿನಿಯರುಗಳ ಬುದ್ಧಿಯಲ್ಲಿರಲಿಲ್ಲ. ಸೋಲನ್ನು ಭರಿಸುವ ಹೆಗಲು ಯಾರದೆಂಬುದರಲ್ಲಿತ್ತು.

ಹಾಗಾದರೆ ಸ್ಪೇಸ್‌ಎಕ್ಸ್ ಖಾಸಗಿಯಲ್ಲವೇ ಎಂದು ಕೇಳುವಿರಿ. ಹೌದು. ಅದರ ಫಾಲ್ಕನ್ 1 ಮೂರು ಸಲ ಸೋತು, 2008ರ ಸೆಪ್ಟೆಂಬರಿನಲ್ಲಿ ನಾಲ್ಕನೆಯ ಸಲ ಗೆದ್ದಿತು. ಆದರೆ ಅದೇ ಡಿಸೆಂಬರಿನಲ್ಲಿ ನಾಸಾ 160 ಕೋಟಿ ಡಾಲರಿನ ಗುತ್ತಿಗೆ ಕೊಟ್ಟು ಅದಕ್ಕೆ ಜೀವದಾನ ಮಾಡಿತೆಂಬುದನ್ನು ಮರೆಯಬಾರದು. ಸಾಹಸ ಖಾಸಗಿಯದು, ಬೊಕ್ಕಸ ಸಾರ್ವಜನಿಕರದು. ಇದು ತಪ್ಪಲ್ಲ, ಆದರೆ ಇದನ್ನು ಮರೆಮಾಚಿ ಮಾರುಕಟ್ಟೆಯ ಮಹಿಮೆಯನ್ನಷ್ಟೇ ಹಾಡುವುದು ಅಪ್ರಾಮಾಣಿಕತೆ.

ಇಸ್ರೋ ದೇವಾಲಯವೆಂದು ನಾನು ಹೇಳುತ್ತಿಲ್ಲ. ಅದರ ನಿಧಾನವೂ ಗುಟ್ಟುಗಾರಿಕೆಯೂ ಟೀಕೆಗೆ ಹೊರತಲ್ಲ. ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರಿನಲ್ಲಿ, ಚೆನ್ನೈಯ ಅಗ್ನಿಕುಲ್ 2024ರ ಮೇ ತಿಂಗಳಲ್ಲಿ ತಮ್ಮ ಮೊದಲ ರಾಕೆಟ್ಟುಗಳನ್ನು ಹಾರಿಸಿದಾಗ ನಾನೂ ಹಿಗ್ಗಿದವನೇ. ಆದರೆ ಎರಡೂ ಹಾರಿದ್ದು ಶ್ರೀಹರಿಕೋಟದಿಂದ. ಆ ನೆಲವನ್ನು ಹದಗೊಳಿಸಿದ್ದು ದಶಕಗಳ ತೆರಿಗೆ ಹಣ.

2025ರ ಜೂನ್‌ನಲ್ಲಿ ಎಸ್‌ಎಸ್‌ಎಲ್‌ವಿ ತಂತ್ರಜ್ಞಾನದ ಹರಾಜನ್ನು ಬೆಂಗಳೂರಿನ ಎಚ್‌ಎಎಲ್ 511 ಕೋಟಿ ರೂಪಾಯಿಗೆ ಗೆದ್ದಾಗ, ಮತ್ತೆ ಸರ್ಕಾರಿ ಸಂಸ್ಥೆಯೇ ಎಂದು ಮೂಗು ಮುರಿಯುವುದು ಸುಲಭ. 1940ರಲ್ಲಿ ಆ ಸಂಸ್ಥೆಯನ್ನು ಕಟ್ಟಿದವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಕೈಜೋಡಿಸಿದ್ದು ಮೈಸೂರು ಸಂಸ್ಥಾನ. ಉದ್ಯಮಿಯ ಛಲ ಮತ್ತು ರಾಜ್ಯದ ತಾಳ್ಮೆ ಪರಸ್ಪರ ವೈರಿಗಳಲ್ಲವೆಂಬುದಕ್ಕೆ ನಮ್ಮಲ್ಲೇ ಇಂಥ ಸಾಕ್ಷಿಯಿದೆ.

ಆದ್ದರಿಂದ ಖಾಸಗಿಯವರು ಬರಲಿ. ಆದರೆ ಸಾರ್ವಜನಿಕ ಸಾಮರ್ಥ್ಯವನ್ನು ಕಳಚಿ ಅವರಿಗೆ ದಾರಿ ಮಾಡುವುದು ಬೇಡ. ಸಾರ್ವಜನಿಕ ನೆಲೆಯನ್ನು ಬಳಸುವವರು ತಮ್ಮ ವೈಫಲ್ಯದ ವರದಿಯನ್ನೂ ಸಾರ್ವಜನಿಕರ ಮುಂದಿಡಲಿ. ಇಸ್ರೋಗೂ ಇದೇ ನಿಯಮ ಅನ್ವಯಿಸಲಿ. ಯಾವುದೇ ಹೊಸ ನೀತಿಯನ್ನು ಹೊಗಳುವ ಮುನ್ನ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಎರಡನೆಯ ಸಲವೂ ಸೋತ ಮರುದಿನ ಬೆಳಿಗ್ಗೆ ಆ ಎಂಜಿನಿಯರುಗಳಿಗೆ ಸಂಬಳ ಕೊಡುವವರು ಯಾರು? ಇದಕ್ಕೆ ಉತ್ತರವಿಲ್ಲದ ದೇಶ ರಾಕೆಟ್ಟುಗಳನ್ನು ಕೊಳ್ಳಬಹುದು, ಕಟ್ಟಲಾರದು.