ಇಂಗ್ಲಿಷಿನ ಲುಪ್ತಶಬ್ದಗಳೂ ನಮ್ಮವರ ಅಪಸಿದ್ಧಾಂತವೂ

ಈಚೆಗೆ ನಮ್ಮಲ್ಲಿ ಒಂದು ವಾದವು ತಲೆಯೆತ್ತಿದೆ. ಇಂಗ್ಲಿಷ್ ಭಾಷೆಯು ಇಂದು ಲೋಕವ್ಯಾಪಿಯಾಗಿರುವುದಕ್ಕೆ ಕಾರಣವೇನೆಂದರೆ, ಆ ಜನರು ಹಳೆಯ ಶಬ್ದಗಳನ್ನು ಹಣ್ಣೆಲೆಗಳಂತೆ ಉದುರಗೊಟ್ಟು ಹೊಸ ಚಿಗುರಿಗೆ ಎಡೆಮಾಡಿಕೊಟ್ಟರಂತೆ. ನಾವಾದರೋ ಪಂಪರನ್ನರ ಕಾಲದ ಪದಗಳನ್ನು ಹೊತ್ತು ಬೆನ್ನು ಬಾಗಿಸಿಕೊಂಡಿರುವೆವಂತೆ. ಆದಕಾರಣ ಹಳಗನ್ನಡದ ಪಾಠವನ್ನು ಶಾಲೆಗಳಿಂದಲೂ ಸಂಘಗಳಿಂದಲೂ ತೆಗೆದುಹಾಕತಕ್ಕದ್ದಂತೆ. ನಮ್ಮ ಸಂಘದ ಸಭೆಯೊಂದರಲ್ಲಿ ವಿದ್ಯಾವಂತರಾದ ಮಿತ್ರರೊಬ್ಬರು ಈ ವಾದವನ್ನು ಬಹು ಚಮತ್ಕಾರವಾಗಿ ಮಂಡಿಸಿ, ಇಂಗ್ಲಿಷಿನ ವಿಚಿತ್ರವಾದ ಲುಪ್ತಶಬ್ದಗಳ ಪಟ್ಟಿಯೊಂದನ್ನೋದಿ ಸಭೆಯನ್ನು ನಗಿಸಿ, ಕಡೆಗೆ ಭಾನುವಾರದ ಹಳಗನ್ನಡ ವಾಚನವನ್ನು ನಿಲ್ಲಿಸಿ ಆ ಹೊತ್ತನ್ನು ‘ಉಪಯುಕ್ತ ಇಂಗ್ಲಿಷಿ’ಗೆ ಕೊಡಬೇಕೆಂಬ ಸೂಚನೆಯನ್ನು ತಂದಿರುವರು. ಕಾರ್ಯಕಾರೀ ಸಮಿತಿಯು ಇನ್ನೂ ನಿರ್ಧರಿಸಿಲ್ಲ. ನಿರ್ಧರಿಸುವುದಕ್ಕೆ ಮುಂಚೆ ಈ ವಾದದ ತಳಹದಿಯೇ ಸುಳ್ಳೆಂಬುದನ್ನು ವಾಚಕರ ಮುಂದಿಡುವುದು ಯುಕ್ತವೆಂದು ತೋರುವುದು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಇಂಗ್ಲಿಷನ್ನು ತಡವಾಗಿ, ಕೋಶಗಳನ್ನು ಮುಂದಿಟ್ಟುಕೊಂಡು ಕಲಿತವನು. ಇದು ಕೋಶಗಳಿಗೆ ಸೇರಿದ ಮಾತಾದುದರಿಂದಲೇ ಬಾಯಿ ತೆರೆಯುವ ಧೈರ್ಯವು ಬಂದಿದೆ.

ಇಂಗ್ಲಿಷರು ಹಳೆಯ ಶಬ್ದಗಳನ್ನು ಬಿಸುಟರೆಂಬುದೇ ಅಸತ್ಯ. ಆಕ್ಸ್‌ಫರ್ಡ್ ಮಹಾಕೋಶದ ಚರಿತ್ರೆಯನ್ನು ನೋಡಿರಿ. ೧೮೮೪ರಲ್ಲಿ ಅದರ ಮೊದಲ ಸಂಚಿಕೆಯು ಹೊರಬಂದಿತು, ಮುಗಿದುದು ೧೯೨೮ರಲ್ಲಿ. ಅದರ ಸಂಪಾದಕರಲ್ಲಿ ಅಗ್ರಗಣ್ಯನಾದ ಜೇಮ್ಸ್ ಮರ್ರೇ ಮಹಾಶಯನು ೧೯೧೫ರಲ್ಲಿಯೇ ತೀರಿಕೊಂಡನು. ತಾನು ಬಿತ್ತಿದುದರ ಫಲವನ್ನು ಆತನು ಕಣ್ಣಾರೆ ಕಾಣಲಿಲ್ಲ. ಆ ಕೋಶದಲ್ಲಿ ಬಳಕೆತಪ್ಪಿದ ಶಬ್ದದ ಮುಂದೆ ಕಠಾರಿಯ ಆಕಾರದ ಒಂದು ಚಿಹ್ನೆಯನ್ನು ಇಡುವರು. ಚಿಹ್ನೆಯನ್ನು ಇಡುವರೇ ಹೊರತು ಶಬ್ದವನ್ನು ತೆಗೆಯುವುದಿಲ್ಲ. ಒಮ್ಮೆ ಒಳಗೆ ಬಂದ ಶಬ್ದಕ್ಕೆ ಅಲ್ಲಿಂದ ಉಚ್ಚಾಟನೆಯಿಲ್ಲ. ೧೯೮೯ರ ಎರಡನೆಯ ಮುದ್ರಣವು ೨೦ ಸಂಪುಟಗಳದು. ಅದರಲ್ಲಿ ಪೂರ್ಣ ವಿವರಣೆಯನ್ನು ಪಡೆದ ಪ್ರಚಲಿತ ಶಬ್ದಗಳು ೧,೭೧,೪೭೬ ಎಂದೂ ಲುಪ್ತಶಬ್ದಗಳು ೪೭,೧೫೬ ಎಂದೂ ಪ್ರಕಾಶಕರೇ ಲೆಕ್ಕ ಕೊಟ್ಟಿರುವರು. ಐದರಲ್ಲಿ ಒಂದು ಪಾಲಿಗೂ ಮಿಕ್ಕು! ಪ್ರತಿಯೊಂದಕ್ಕೂ ಅರ್ಥ, ವ್ಯುತ್ಪತ್ತಿ, ಪ್ರಯೋಗ, ಪ್ರಯೋಗದ ಕಾಲ ಇವೆಲ್ಲವೂ ಇವೆ. ಹಣ್ಣೆಲೆಗಳನ್ನು ಉದುರಗೊಟ್ಟವರು ಅವನ್ನು ಹೀಗೆ ಒಂದೊಂದಾಗಿ ಆಯ್ದು, ಒರಸಿ, ತೇದಿ ಬರೆದು ಜೋಡಿಸಿಡುವರೇ? ಅನುಕರಣೆ ಮಾಡಬೇಕೆನ್ನುವವರು ಇದನ್ನೂ ಅನುಕರಿಸಲಿ.

ಇನ್ನು ಸಭೆಯನ್ನು ನಗಿಸಿದ ಆ ಪಟ್ಟಿಯ ವಿಚಾರ. ‘ಏಸರ್ಸಿಕಾಮಿಕ್’ ಎಂಬ ಶಬ್ದವಿದೆಯಂತೆ. ಎಂದೂ ಕೂದಲನ್ನು ಕತ್ತರಿಸದವನು ಎಂದು ಅರ್ಥವಂತೆ. ‘ಬ್ಯುಬಲ್ಸಿಟೇಟ್’ ಎಂದರೆ ದನ ಕಾಯುವವನಂತೆ ಕೂಗುವುದಂತೆ. ಇವುಗಳನ್ನು ಇಂಗ್ಲೆಂಡಿನ ಜನರು ಒಂದು ಕಾಲದಲ್ಲಿ ಆಡುತ್ತಿದ್ದು ಆಮೇಲೆ ಬಿಟ್ಟರೆಂದು ಮಿತ್ರರು ತಿಳಿದಂತಿದೆ. ವಸ್ತುಸ್ಥಿತಿಯು ಬೇರೆ. ೧೬೨೩ರಲ್ಲಿ ಹೆನ್ರಿ ಕಾಕರಮ್ ಎಂಬಾತನು ಕಠಿನಶಬ್ದಗಳ ಕೋಶವೊಂದನ್ನು ಅಚ್ಚು ಹಾಕಿಸಿದನು. ಲ್ಯಾಟಿನ್ ಕೋಶಗಳಲ್ಲಿದ್ದ ಪದಗಳಿಗೆ ಇಂಗ್ಲಿಷ್ ಬಾಲವನ್ನು ಅಂಟಿಸಿ ಒಳಗೆ ಸೇರಿಸುವುದು ಆಗಿನ ಕೋಶಕಾರರಿಗೆ ವಾಡಿಕೆಯಾಗಿತ್ತು. ಮೇಲಿನ ಎರಡೂ ಅವನ ಪುಸ್ತಕದವು. ಯಾವ ತಾಯಿಯೂ ಮಗುವಿಗೆ ಹೇಳಿಕೊಡದ, ಯಾವ ಸಂತೆಯಲ್ಲಿಯೂ ಕೇಳಿಬರದ ಮಾತುಗಳಿವು. ಹುಟ್ಟದ ಮಗುವಿಗೆ ಶ್ರಾದ್ಧವೆಲ್ಲಿಯದು?

ಇದಕ್ಕಿಂತಲೂ ವಿನೋದಕರವಾದುದು ‘ಡಾರ್ಡ್’ ಎಂಬುದರ ಕಥೆ. ಅಮೆರಿಕೆಯ ವೆಬ್‌ಸ್ಟರ್ ಮಹಾಕೋಶದ ೧೯೩೪ರ ಮುದ್ರಣದಲ್ಲಿ, ಸಾಂದ್ರತೆ ಎಂಬ ಅರ್ಥದಲ್ಲಿ ಈ ಶಬ್ದವು ಕಾಣಿಸಿಕೊಂಡಿತು. ‘ಡಿ’ ಎಂಬ ಅಕ್ಷರವನ್ನು ದೊಡ್ಡದಾಗಿಯಾಗಲಿ ಚಿಕ್ಕದಾಗಿಯಾಗಲಿ ಬರೆದರೆ ಸಾಂದ್ರತೆಗೆ ಸಂಕೇತವೆಂದು ಒಂದು ಚೀಟಿಯಲ್ಲಿತ್ತು. ‘ಡಿ ಆರ್ ಡಿ’ ಎಂದಿದ್ದುದನ್ನು ಯಾರೋ ಒಟ್ಟಿಗೆ ಓದಿ ಒಂದು ಶಬ್ದವನ್ನಾಗಿ ಮಾಡಿಬಿಟ್ಟರು. ಐದು ವರ್ಷಗಳ ಮೇಲೆ, ೧೯೩೯ರಲ್ಲಿ, ಇದಕ್ಕೆ ವ್ಯುತ್ಪತ್ತಿಯೇ ಇಲ್ಲವಲ್ಲಾ ಎಂದು ಸಂಪಾದಕರೊಬ್ಬರಿಗೆ ಸಂಶಯ ಬಂದು ಗುಟ್ಟು ಬಯಲಾಯಿತು. ಇಂತಹವಕ್ಕೆ ಸ್ಕೀಟ್ ಪಂಡಿತನು ೧೮೮೬ರಲ್ಲಿಯೇ ‘ಪ್ರೇತಶಬ್ದ’ ಎಂಬರ್ಥದ ಹೆಸರನ್ನಿಟ್ಟಿದ್ದನು. ಪಟ್ಟಿಗಳನ್ನು ಓದಿ ನಗುವವರು ತಾವು ಯಾವುದರ ಮುಂದೆ ನಗುತ್ತಿರುವೆವೆಂದು ಮೊದಲು ವಿಚಾರಿಸುವುದು ಕ್ಷೇಮ.

ನಿಜವಾಗಿ ಬಾಳಿ ಬಳಕೆತಪ್ಪಿದ ಶಬ್ದಗಳೂ ಇವೆಯಷ್ಟೆ. ಅವು ಸತ್ತುವೆಂದು ಹೇಳುವ ಅಧಿಕಾರವು ಯಾರಿಗಿದೆ? ಈ ಪ್ರಶ್ನೆಯು ಹೊಸದಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಭಗವಾನ್ ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿಯೇ ಇದನ್ನೆತ್ತಿಕೊಂಡಿರುವನು. ಊಷ, ತೇರ, ಚಕ್ರ, ಪೇಚ ಎಂಬ ಕ್ರಿಯಾರೂಪಗಳನ್ನು ಯಾರೂ ಪ್ರಯೋಗಿಸುವುದಿಲ್ಲ. ಪ್ರಯೋಗವಿಲ್ಲದ ಶಬ್ದಗಳಿಗೆ ವ್ಯಾಕರಣವೇಕೆ, ಎಂಬುದು ಪೂರ್ವಪಕ್ಷ. ಅದಕ್ಕೆ ಸಮಾಧಾನವಾಗಿ, ನೂರು ಸಾವಿರ ವರ್ಷಗಳ ದೀರ್ಘಸತ್ರಗಳನ್ನು ಈಗ ಯಾರೂ ಆಚರಿಸದಿದ್ದರೂ ಯಾಜ್ಞಿಕರು ಅವುಗಳ ವಿಧಿಯನ್ನು ಬೋಧಿಸುವುದನ್ನು ಬಿಟ್ಟಿಲ್ಲವೆಂಬ ದೃಷ್ಟಾಂತವು ಬರುತ್ತದೆ. ಅನಂತರ ಭಾಷ್ಯಕಾರನು ಇನ್ನೂ ಮುಂದೆ ಹೋಗಿ, ಶಬ್ದಗಳ ಪ್ರಯೋಗಕ್ಷೇತ್ರವು ಬಹು ದೊಡ್ಡದು, ಅದನ್ನೆಲ್ಲ ಹುಡುಕಿ ನೋಡದೆ ‘ಇಲ್ಲ’ ಎನ್ನುವುದು ಬರಿಯ ಸಾಹಸವೆಂದು ಹೇಳುವನು. ಹೋಗುವುದೆಂಬ ಅರ್ಥದ ‘ಶವತಿ’ ಎಂಬ ಧಾತುರೂಪವು ಕಾಂಬೋಜರಲ್ಲಿ ಮಾತ್ರ ನುಡಿಯಲ್ಪಡುವುದು, ಆರ್ಯರಲ್ಲಿ ಅದರಿಂದಾದ ‘ಶವ’ವೊಂದೇ ಉಳಿದಿದೆ ಎಂಬುದು ಆತನು ಕೊಡುವ ಉದಾಹರಣೆ. ಪಾಠಶಾಲೆಯಲ್ಲಿ ಇದನ್ನೋದುವಾಗ ನಮಗೆ ನಗು ಬರುತ್ತಿತ್ತು: ನಡೆದಾಡುವ ಕ್ರಿಯೆಯು ದೂರದೇಶದಲ್ಲಿ, ಹೆಣ ಮಾತ್ರ ನಮ್ಮ ಪಾಲಿಗೆ!

ಭಾಷ್ಯಕಾರನ ಈ ನ್ಯಾಯವನ್ನು ಇಂಗ್ಲಿಷಿಗೆ ಹಚ್ಚಿ ನೋಡೋಣ. ವೇಲ್ಸ್ ಪ್ರಾಂತದ ಲನೆಲಿ ಎಂಬ ಊರಿನಲ್ಲಿ ಸ್ಟೆಪ್ನಿ ಎಂಬ ಬೀದಿಯಿದೆ. ೧೯೦೪ರ ಸುಮಾರಿಗೆ ಅಲ್ಲಿ ಮೋಟಾರುಗಳಿಗೆ ಹೆಚ್ಚಿನ ಚಕ್ರವೊಂದನ್ನು ಮಾಡತೊಡಗಿ, ಬೀದಿಯ ಹೆಸರನ್ನೇ ಅದಕ್ಕಿಟ್ಟರು. ಇಂದು ಇಂಗ್ಲೆಂಡಿನಲ್ಲಿ ಆ ಹೆಸರನ್ನು ಹಳೆಯ ವಾಹನಗಳ ಚರಿತ್ರೆಯನ್ನು ಬಲ್ಲವರ ಹೊರತು ಬೇರೆಯವರು ಅರಿಯರು. ಅಲ್ಲಿ ಅದು ಲುಪ್ತಶಬ್ದ. ನಮ್ಮ ಹೆದ್ದಾರಿಯ ಮಗ್ಗುಲಿಗೆ ಹೋಗಿ ಯಾವ ಲಾರಿಯ ಚಾಲಕನನ್ನಾದರೂ ಕೇಳಿರಿ: ‘ಸ್ಟೆಪ್ನಿ’ ಇಲ್ಲದೆ ಅವನು ಘಟ್ಟವನ್ನು ಇಳಿಯನು. ‘ಟಿಫಿನ್’ ಎಂಬುದೂ ಹಾಗೆಯೇ. ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು ಕುಡಿಯುವುದಕ್ಕೆ ‘ಟಿಫಿಂಗ್’ ಎಂಬ ಗ್ರಾಮ್ಯಪದವನ್ನು ೧೭೮೫ರಲ್ಲಿ ಗ್ರೋಸ್ ಎಂಬ ಕೋಶಕಾರನು ದಾಖಲಿಸಿರುವನು. ಅಲ್ಲಿ ಅದು ಮರೆಯಾಯಿತು. ಇಲ್ಲಿ ಮಾತ್ರ ಊರೂರಿನ ಹೋಟಲುಗಳ ಹಲಗೆಯ ಮೇಲೆ, ಶಾಲೆಗೆ ಹೊರಟ ಮಕ್ಕಳ ಡಬ್ಬಿಗಳಲ್ಲಿ ಹಾಯಾಗಿದೆ. ಕಾಂಬೋಜರು ‘ಶವತಿ’ಯನ್ನು ಕಾಪಾಡಿದರು, ನಾವು ಕನ್ನಡಿಗರು ಇಂಗ್ಲಿಷರ ‘ಸ್ಟೆಪ್ನಿ’ಯನ್ನು ಕಾಪಾಡಿದೆವು. ಇಂಗ್ಲಿಷಿನ ಹಳೆಯ ಪದಗಳನ್ನು ದಿನಬೆಳಗಾದರೆ ನಾಲಗೆಯ ಮೇಲಿಟ್ಟುಕೊಂಡಿರುವವರಿಗೆ ಹಳಗನ್ನಡವೊಂದೇ ಭಾರವಾಯಿತೆ?

ಇನ್ನೊಂದು ಉದಾಹರಣೆಯು ನಮ್ಮ ಪೆಟ್ಟಿಗೆಗಳಲ್ಲಿಯೇ ಇದೆ. ವಿದೇಶಕ್ಕೆ ಹೋಗಿಬಂದ ಮಗನಿರುವ ಮನೆಗಳಲ್ಲಿ ಪಾಸ್‌ಪೋರ್ಟನ್ನು ತೆರೆದು ನೋಡಿರಿ. ಅದನ್ನುಳ್ಳವನನ್ನು ತಡೆಯಿಲ್ಲದೆ ಹೋಗಗೊಡಬೇಕೆಂದು ಕೋರುವ ಒಕ್ಕಣೆಯಲ್ಲಿ ‘ಲೆಟ್’ ಎಂಬ ಶಬ್ದವು ನಾಮಪದವಾಗಿ ನಿಂತಿದೆ. ಶಾಲೆಯ ಹುಡುಗನಿಗೆ ‘ಲೆಟ್’ ಎಂದರೆ ಬಿಡು ಎಂದರ್ಥ. ಇಲ್ಲಿ ಅದಕ್ಕೆ ತಡೆ ಎಂದರ್ಥ, ಪೂರ್ತಿ ವಿರುದ್ಧ. ಮೂಲದಲ್ಲಿ ಇವೆರಡೂ ಬೇರೆಬೇರೆ ಧಾತುಗಳು. ಉಚ್ಚಾರವು ಒಂದಾದ ಮೇಲೆ ತಡೆಯೆಂಬುದು ಹಿಂದೆ ಸರಿಯಿತು. ಹ್ಯಾಮ್ಲೆಟ್ ನಾಟಕದಲ್ಲಿ ರಾಜಕುಮಾರನು ತನ್ನನ್ನು ತಡೆಯುವವರನ್ನು ಗದರಿಸುವಾಗ ಬಳಸುವುದು ಈ ಹಳೆಯ ‘ಲೆಟ್’ ಅನ್ನೇ. ಹಾಗೆಯೇ ೧೬೧೧ರ ಬೈಬಲ್ಲಿನ ‘ಪ್ರಿವೆಂಟ್’ ಎಂಬುದಕ್ಕೆ ಮುಂದಾಗಿ ಹೋಗುವುದೆಂಬ ಅರ್ಥವುಂಟು. ಹೊಸ ಅರ್ಥವನ್ನೇ ಹಿಡಿದು ಹಳೆಯ ಗ್ರಂಥವನ್ನು ಓದಿದರೆ, ತಿಳಿಯಲಿಲ್ಲವೆಂಬ ಅರಿವೂ ಆಗದೆ ವಿಪರೀತವೇ ತಿಳಿಯುವುದು. ಇದು ಅಜ್ಞಾನಕ್ಕಿಂತ ಕೆಟ್ಟುದು. ‘ಉಪಯುಕ್ತ ಇಂಗ್ಲಿಷ’ನ್ನು ಕಲಿಸಹೊರಟವರು ಲುಪ್ತಾರ್ಥಗಳನ್ನು ಬಿಟ್ಟು ಷೇಕ್ಸ್‌ಪಿಯರನ ಒಂದು ಪುಟವನ್ನಾದರೂ ದಾಟಿಸಬಲ್ಲರೇ?

ಶಬ್ದವು ಹೋದರೆ ಭಾಷೆಗೆ ನಷ್ಟವೇ ಇಲ್ಲವೆನ್ನುವರಲ್ಲ, ಅದನ್ನೂ ನೋಡೋಣ. ೧೫೩೫ರ ಕವರ್‌ಡೇಲನ ಬೈಬಲ್ಲಿನಲ್ಲಿ ‘ಓವರ್‌ಮಾರೋ’ ಎಂಬ ಪದವಿದೆ, ನಾಡಿದ್ದು ಎಂದರ್ಥ. ಮೊನ್ನೆ ಎಂಬುದಕ್ಕೂ ಅವರಲ್ಲಿ ಒಂದು ಪದವಿತ್ತು, ‘ಎರ್‌ಯೆಸ್ಟರ್‌ಡೇ’ ಎಂದು. ಎರಡೂ ಬಿದ್ದುಹೋದುವು. ಇಂದು ಇಂಗ್ಲಿಷಿನವನು ನಾಡಿದ್ದು ಎನ್ನುವುದಕ್ಕೆ ‘ನಾಳೆಯ ಮಾರನೆಯ ದಿನ’ ಎಂದು ಸುತ್ತಿ ಹೇಳಬೇಕು. ನಮ್ಮ ಮನೆಯ ನಾಲ್ಕು ವರ್ಷದ ಕೂಸು ಮೊನ್ನೆ, ನಾಡಿದ್ದು, ಆಚೆ ನಾಡಿದ್ದು ಎಂದು ಒಂದೇ ಉಸಿರಿನಲ್ಲಿ ಹೇಳೀತು. ‘ನೀನು’ ಎಂಬರ್ಥದ ‘ದೌ’ ಸಾಮಾನ್ಯ ಬಳಕೆಯಿಂದ ಹೋದುದರಿಂದ ಅವರಿಗೆ ಮಗುವೂ ‘ಯೂ’, ದೊರೆಯೂ ‘ಯೂ’. ನಮ್ಮಲ್ಲಿ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ; ಮಾತಿನ ಮೊದಲ ಪದದಲ್ಲಿಯೇ ಸಂಬಂಧವು ತಿಳಿಯುವುದು. ದಯೆ ಎಂಬರ್ಥದ ‘ರೂತ್’ ಹೋಗಿ, ನಿರ್ದಯನೆಂಬ ‘ರೂತ್‌ಲೆಸ್’ ಉಳಿದಿದೆ. ಇದರ ಮೇಲೆ ನಾನು ಟೀಕೆ ಮಾಡುವುದಿಲ್ಲ.

ಲುಪ್ತಶಬ್ದಗಳನ್ನು ಹಿಡಿದುಕೊಂಡು ಹೋದರೆ ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುವುದುಂಟು. ‘ಡಿಯರ್’ ಎಂದರೆ ಈಗ ಜಿಂಕೆ. ಹಿಂದೆ ಪ್ರಾಣಿಮಾತ್ರಕ್ಕೆಲ್ಲ ಅದೇ ಹೆಸರು, ಷೇಕ್ಸ್‌ಪಿಯರನು ಇಲಿಯ ಜಾತಿಯನ್ನೂ ಅದರಲ್ಲಿ ಸೇರಿಸಿರುವನು. ನಮ್ಮ ‘ಮೃಗ’ಶಬ್ದವನ್ನು ನೆನೆಯಿರಿ. ಮೃಗರಾಜನೆಂದರೆ ಸಿಂಹ, ಅಲ್ಲಿ ಮೃಗವೆಂದರೆ ಸಮಸ್ತ ಪಶುಗಳು; ಮೃಗಾಕ್ಷಿಯೆಂದರೆ ಹುಲಿಯ ಕಣ್ಣಿನವಳೆಂದು ಯಾರೂ ಅರ್ಥ ಮಾಡರು. ಎರಡು ದೂರದ ದೇಶಗಳಲ್ಲಿ ಎರಡು ಶಬ್ದಗಳು ಒಂದೇ ಸಂಕೋಚವನ್ನು ಹೊಂದಿದುವು. ಮನುಷ್ಯನು ತೋಳನಾಗುವ ಕಥೆಗಳ ‘ವೇರ್‌ವುಲ್ಫ್’ ಎಂಬ ಪದದಲ್ಲಿ ‘ವೇರ್’ ಎಂಬುದು ಪುರುಷವಾಚಿಯಾದ ಹಳೆಯ ಶಬ್ದ. ಅದಕ್ಕೂ ಸಂಸ್ಕೃತದ ‘ವೀರ’ಕ್ಕೂ ಮೂಲವೊಂದೇ. ಒಂಟಿಯಾಗಿ ಅದು ಎಂದೋ ಅಳಿಯಿತು. ತೋಳನ ಬೆನ್ನನ್ನೇರಿ ಮಾತ್ರ ಬದುಕಿಕೊಂಡಿದೆ.

ಯಾವುದು ಉಳಿಯುವುದು, ಯಾವುದು ಅಳಿಯುವುದು ಎಂಬುದನ್ನು ಮುಂದಾಗಿ ಹೇಳಬಲ್ಲೆವೆನ್ನುವವರಿಗೆ ಥಾಮಸ್ ವಿಲ್ಸನನ ಗತಿಯನ್ನು ತೋರಿಸಬೇಕು. ೧೫೫೩ರಲ್ಲಿ ಅಲಂಕಾರಗ್ರಂಥವೊಂದನ್ನು ಬರೆದು, ಲ್ಯಾಟಿನ್ನಿನಿಂದ ಬಂದ ‘ಮಸಿಕುಡಿಕೆಯ ಶಬ್ದ’ಗಳನ್ನು ಹಾಸ್ಯಮಾಡಲು ಆತನು ಒಂದು ಕೃತ್ರಿಮಪತ್ರವನ್ನು ಕಲ್ಪಿಸಿದನು. ಅದರಲ್ಲಿ ಹಾಸ್ಯಾಸ್ಪದವೆಂದು ತುರುಕಿದ ಪದಗಳಲ್ಲಿ ‘ಇಂಜೆಂಟ್’ನಂತಹ ಕೆಲವು ಮುಳುಗಿದುವು, ನಿಜ. ಆದರೆ ‘ಸೆಲೆಬ್ರೇಟ್’, ‘ಕೆಪ್ಯಾಸಿಟಿ’, ‘ಡೆಕ್ಸ್ಟೆರಿಟಿ’ ಇವೂ ಅದೇ ಪತ್ರದವು! ಇಂದು ಆ ಹಾಸ್ಯವು ಯಾವ ಇಂಗ್ಲಿಷಿನವನಿಗೂ ಪೂರ್ತಿಯಾಗಿ ಅರ್ಥವಾಗದು. ಸತ್ತುದೆನಿಸಿದುದು ಏಳುವುದೂ ಉಂಟು. ಬಳಕೆತಪ್ಪಿ ಮಲಗಿದ್ದ ‘ರೇಡ್’ ಎಂಬ ಸ್ಕಾಟರ ಪದವನ್ನು ೧೯ನೆಯ ಶತಮಾನದ ಮೊದಲಿನಲ್ಲಿ ವಾಲ್ಟರ್ ಸ್ಕಾಟ್ ಕವಿಯು ಎಬ್ಬಿಸಿದನು. ಈಗ ನಮ್ಮ ಪೇಟೆಯ ವರ್ತಕರೂ ಅದನ್ನು ಕೇಳಿದರೆ ಬೆಚ್ಚುವರು.

ಹಾಗೆಂದು ಹಳೆಯದನ್ನೆಲ್ಲ ಬೀದಿಗೆಳೆದು ಆಡಿಸಬೇಕೆಂಬ ಹಟವೂ ನನ್ನದಲ್ಲ. ಡಾರ್ಸೆಟ್ಟಿನ ವಿಲಿಯಮ್ ಬಾರ್ನೆಸ್ ಕವಿಯು ೧೮೭೮ರಲ್ಲಿ ವ್ಯಾಕರಣಕ್ಕೆ ‘ಸ್ಪೀಚ್‌ಕ್ರಾಫ್ಟ್’ ಎಂದು ಹೆಸರಿಟ್ಟು, ಪರಭಾಷೆಯ ಪದಗಳಿಗೆಲ್ಲ ದೇಶ್ಯಪದಗಳನ್ನು ಕಟ್ಟಿಕೊಟ್ಟನು. ಜನರು ಗೌರವದಿಂದ ಕೇಳಿ ಸುಮ್ಮನಾದರು. ಸಂತೆಯಲ್ಲಿ ಸೊಪ್ಪನ್ನು ಕೊಳ್ಳಲು ಪಂಪನ ಭಾಷೆ ಬೇಡ. ಬೇಕಾದುದು ಪಂಪನನ್ನು ಓದಲು. ಓದುವ ಶಕ್ತಿಯನ್ನು ಕಳೆದುಕೊಂಡು, ಅನಂತರ ‘ಅದು ಸತ್ತಿತು’ ಎಂದು ಸಾರುವುದು ಯಾವ ನ್ಯಾಯ?

ಮಕ್ಕಳಿಗೆ ಹೊರೆಯಾಗುವುದೆಂಬುದು ಕಡೆಯ ಆಕ್ಷೇಪ. ಸ್ಪರ್ಧಾಪರೀಕ್ಷೆಗಳ ಕೈಪಿಡಿಗಳಿಂದ ಇಂಗ್ಲಿಷಿನ ಅಪೂರ್ವಶಬ್ದಗಳನ್ನು ದಿನಕ್ಕೆ ಇಪ್ಪತ್ತರಂತೆ ಉರುಹಚ್ಚುವ ಮಕ್ಕಳು ಇವರೇ. ಆಗ ತಂದೆತಾಯಿಗಳಿಗೆ ಹೊರೆಯು ಕಾಣುವುದಿಲ್ಲ. ೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಕೊನೆಗೆ ಪ್ರಯೋಗಸಾರವೆಂಬುದನ್ನು ಸೇರಿಸಿ, ಆಗಲೇ ಅಪರಿಚಿತವಾಗುತ್ತಿದ್ದ ಕನ್ನಡದ ಶಬ್ದಗಳಿಗೆ ಅರ್ಥವನ್ನು ಬರೆದಿಟ್ಟನು. ಆಕ್ಸ್‌ಫರ್ಡಿನವರು ಕಠಾರಿಯ ಚಿಹ್ನೆಯನ್ನು ಇಡುವುದಕ್ಕೆ ಆರುನೂರು ವರ್ಷಗಳ ಹಿಂದಿನ ಮಾತು ಇದು.

ಸಮಿತಿಯವರು ಸೂಚನೆಯನ್ನು ಕೈಬಿಡತಕ್ಕದ್ದೆಂದು ನನ್ನ ಪ್ರಾರ್ಥನೆ. ‘ಉಪಯುಕ್ತ ಇಂಗ್ಲಿಷಿ’ಗೆ ಶನಿವಾರದ ಸಂಜೆಯು ಬರಿದಾಗಿಯೇ ಇದೆ, ಬೇಕಾದರೆ ಅದಕ್ಕೂ ನಾನು ಬಂದು ಕೂಡುವೆನು. ಬರುವ ಭಾನುವಾರದ ವಾಚನಕ್ಕೆ ಪ್ರಯೋಗಸಾರವನ್ನೇ ಇಟ್ಟುಕೊಂಡಿದ್ದೇವೆ. ಮಿತ್ರರೂ ದಯಮಾಡಿಸಲಿ, ತಮ್ಮ ಪಟ್ಟಿಯನ್ನೂ ಜೊತೆಗೆ ತರಲಿ.